ದಿನನಿತ್ಯದ ಓಡಾಟಕ್ಕೆ ವಿದ್ಯುತ್ ಮೋಟರ್‌ಸೈಕಲ್: ನಿರ್ಧರಿಸುವ ಮೊದಲು ಹಾಕಬೇಕಾದ ಲೆಕ್ಕ, ಕೊಂಡ ಮೇಲೆ ರೂಢಿಸಿಕೊಳ್ಳಬೇಕಾದ ಕ್ರಮ

ವಿದ್ಯುತ್ ಮೋಟರ್‌ಸೈಕಲ್ ದಿನಬಳಕೆಗೆ ಒದಗುತ್ತದೆಯೇ ಎಂಬುದನ್ನು ಮೂರು ಸಂಗತಿಗಳು ಬಹುಮಟ್ಟಿಗೆ ತೀರ್ಮಾನಿಸುತ್ತವೆ: ಸವಾರರು ದಿನಕ್ಕೆ ಎಷ್ಟು ದೂರ ಹೋಗುತ್ತಾರೆ, ಯಾವ ವೇಗದಲ್ಲಿ ಹೋಗುತ್ತಾರೆ, ರಾತ್ರಿ ಬೈಕು ಎಲ್ಲಿ ನಿಲ್ಲುತ್ತದೆ. ಮೋಟರಿನ ಶಕ್ತಿ, ಪರದೆಯ ಗಾತ್ರ, ನೂರು ಕಿಲೋಮೀಟರ್ ವೇಗ ಮುಟ್ಟಲು ಹಿಡಿಯುವ ಸೆಕೆಂಡುಗಳು ಜಾಹೀರಾತಿನಲ್ಲಿ ಎದ್ದು ಕಾಣುತ್ತವೆ. ಆದರೆ ಕೆಲವು ತಿಂಗಳ ಬಳಕೆಯ ನಂತರ ಮಾಲೀಕರಿಗೆ ನೆಮ್ಮದಿ ಕೊಡುವುದೂ ಅವರನ್ನು ಕಾಡುವುದೂ ಮೊದಲು ಹೇಳಿದ ಆ ಮೂರೇ. ಆದ್ದರಿಂದ ಶೋರೂಮಿಗೆ ಹೋಗುವ ಮುನ್ನ ಮನೆಯಲ್ಲೇ ಮಾಡಬೇಕಾದ ಕೆಲಸ ಬಹಳಷ್ಟಿದೆ.

ಹೆಜ್ಜೆ 1: ನಿಮ್ಮ ಓಡಾಟವನ್ನು ಬರೆದಿಡಿ

ಕನಿಷ್ಠ ಎರಡು ವಾರ ಪ್ರತಿದಿನವೂ ಈಗಿರುವ ವಾಹನದ ಓಡೋಮೀಟರಿನ ಅಂಕಿಯನ್ನು ಬರೆದಿಡಿ. ಅದರ ಪಕ್ಕದಲ್ಲಿ ಅಂದಿನ ದಾರಿ ಎಂಥದು ಎಂಬುದನ್ನೂ ನಮೂದಿಸಿ: ಸಿಗ್ನಲ್‌ಗಳ ನಡುವಿನ ಓಟವೇ, ಹೆದ್ದಾರಿಯೇ, ಏರುದಾರಿಯೇ, ಹಿಂಬದಿಯಲ್ಲಿ ಒಬ್ಬರು ಕುಳಿತಿದ್ದರೇ. ಸರಾಸರಿಯೊಂದನ್ನೇ ನಂಬಿದರೆ ತಪ್ಪು ನಿರ್ಧಾರಕ್ಕೆ ಬರುವ ಸಂಭವ ಹೆಚ್ಚು. ದಿನಕ್ಕೆ ಸರಾಸರಿ 30 ಕಿ.ಮೀ. ಓಡಿಸುವವರಲ್ಲಿ ಒಬ್ಬರು ಎಲ್ಲ ದಿನಗಳಲ್ಲೂ 30 ಕಿ.ಮೀ. ಓಡಿಸುತ್ತಿರಬಹುದು, ಇನ್ನೊಬ್ಬರು ವಾರದ ಆರು ದಿನ 10 ಕಿ.ಮೀ. ಓಡಿಸಿ ಏಳನೆಯ ದಿನ 150 ಕಿ.ಮೀ. ಹೋಗುತ್ತಿರಬಹುದು. ಮೊದಲನೆಯವರಿಗೆ ಸಣ್ಣ ಬ್ಯಾಟರಿಯ ಬೈಕು ಧಾರಾಳವಾಗಿ ಸಾಕಾಗುತ್ತದೆ, ಎರಡನೆಯವರಿಗೆ ಅದೇ ಬೈಕು ವಾರಕ್ಕೊಮ್ಮೆ ಕೈಕೊಡುತ್ತದೆ.

ಹೀಗೆ ಬರೆದಿಟ್ಟ ಪಟ್ಟಿಯಿಂದ ಸಾಮಾನ್ಯ ದಿನದ ದೂರ, ಅತಿ ಉದ್ದದ ದಿನದ ದೂರ ಮತ್ತು ಅಂಥ ಉದ್ದದ ದಿನ ವರ್ಷಕ್ಕೆ ಎಷ್ಟು ಸಲ ಬರುತ್ತದೆ ಎಂಬ ಮೂರು ಅಂಕಿಗಳನ್ನು ತೆಗೆಯಿರಿ. ಉದ್ದದ ದಿನಗಳು ವರ್ಷಕ್ಕೆ ನಾಲ್ಕಾರು ಮಾತ್ರವಾದರೆ ಅವುಗಳಿಗಾಗಿ ದೊಡ್ಡ ಬ್ಯಾಟರಿಯ ಭಾರವನ್ನೂ ಬೆಲೆಯನ್ನೂ ಹೊರುವ ಅಗತ್ಯವಿಲ್ಲ. ಆ ದಿನಗಳಿಗೆ ರೈಲನ್ನೋ ಬೇರೊಂದು ವಾಹನವನ್ನೋ ಹಿಡಿಯುವುದು ಜಾಣತನ. ಪ್ರತಿ ವಾರವೂ ಬರುವುದಾದರೆ ಅವೇ ನಿಮ್ಮ ಆಯ್ಕೆಯನ್ನು ನಿರ್ಧರಿಸಬೇಕು.

ಹೆಜ್ಜೆ 2: ಒಂದು ಚಾರ್ಜಿಗೆ ಸಿಗುವ ದೂರವನ್ನು ನೀವೇ ಲೆಕ್ಕ ಹಾಕಿ

ಇಡೀ ವಿಚಾರದ ತಿರುಳು ಇಲ್ಲಿರುವುದರಿಂದ ಸ್ವಲ್ಪ ನಿಧಾನವಾಗಿ ಓದಬೇಕೆಂದು ಕೋರುತ್ತೇನೆ. ಬ್ಯಾಟರಿಯ ಸಾಮರ್ಥ್ಯವನ್ನು ಕಿಲೋವ್ಯಾಟ್-ಗಂಟೆಗಳಲ್ಲಿ ಹೇಳುತ್ತಾರೆ. ವಿದ್ಯುತ್ ಬಿಲ್ಲಿನಲ್ಲಿ ನಾವು ಯೂನಿಟ್ ಎಂದು ಓದುವುದೂ ಅದನ್ನೇ; ಒಂದು ಯೂನಿಟ್ ಎಂದರೆ ಒಂದು ಕಿಲೋವ್ಯಾಟ್-ಗಂಟೆ, ಅಂದರೆ ಸಾವಿರ ವ್ಯಾಟ್-ಗಂಟೆ. ಒಂದು ಲೀಟರ್ ಪೆಟ್ರೋಲಿನಲ್ಲಿ ಸುಮಾರು 9 ಯೂನಿಟ್‌ಗಳಷ್ಟು ಶಕ್ತಿ ಅಡಗಿರುತ್ತದೆ. ಹಾಗೆ ನೋಡಿದರೆ 15 ಯೂನಿಟ್‌ಗಳ ದೊಡ್ಡ ಬ್ಯಾಟರಿ ಹೊತ್ತ ಮೋಟರ್‌ಸೈಕಲ್ಲು ಎರಡು ಲೀಟರಿಗೂ ಕಡಿಮೆ ಪೆಟ್ರೋಲಿನಷ್ಟು ಶಕ್ತಿಯನ್ನು ಇಟ್ಟುಕೊಂಡು ಹೊರಡುತ್ತದೆ. ಇಷ್ಟಿದ್ದರೂ ಅದು ನೂರು ಕಿಲೋಮೀಟರಿಗೂ ಹೆಚ್ಚು ದೂರ ಓಡಲು ಕಾರಣ, ಪೆಟ್ರೋಲ್ ಎಂಜಿನ್ ತನಗೆ ಸಿಕ್ಕ ಶಕ್ತಿಯಲ್ಲಿ ಬಹುಪಾಲನ್ನು ಬಿಸಿಯಾಗಿ ಹೊರಗೆ ಚೆಲ್ಲಿದರೆ ವಿದ್ಯುತ್ ಮೋಟರು ಬಹುಪಾಲನ್ನು ಚಕ್ರಕ್ಕೆ ತಲುಪಿಸುವುದು. ಹೊತ್ತೊಯ್ಯುವುದು ಇಷ್ಟು ಕಡಿಮೆಯಾದ್ದರಿಂದಲೇ ವೇಗ, ಗಾಳಿ, ಏರು, ಚಳಿ ಎಲ್ಲವೂ ಓಟದ ದೂರದ ಮೇಲೆ ಕೂಡಲೇ ಪರಿಣಾಮ ಬೀರುತ್ತವೆ.

ಇವುಗಳಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ವೇಗ. ಗಾಳಿಯ ತಡೆ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ: ವೇಗ ಇಮ್ಮಡಿಯಾದರೆ ಪ್ರತಿ ಕಿಲೋಮೀಟರಿಗೂ ಗಾಳಿಯನ್ನು ಸೀಳಲು ಬೇಕಾಗುವ ಶಕ್ತಿ ನಾಲ್ಕು ಪಟ್ಟಾಗುತ್ತದೆ. ಮೋಟರ್‌ಸೈಕಲ್ಲಿನ ಮೇಲೆ ನೆಟ್ಟಗೆ ಕುಳಿತ ಮನುಷ್ಯನ ಆಕಾರ ಗಾಳಿಗೆ ಹೇಳಿ ಮಾಡಿಸಿದ್ದಲ್ಲ. ಕಾರಿನ ಹಾಗೆ ಗಾಳಿ ನಯವಾಗಿ ಜಾರಿಹೋಗುವ ಮೈಕಟ್ಟು ಬೈಕಿಗೆ ಇಲ್ಲ. ಪೆಟ್ರೋಲ್ ಬೈಕಿನ ಸವಾರರು ಹೆದ್ದಾರಿಯಲ್ಲಿ ಮೈಲೇಜು ಹೆಚ್ಚುತ್ತದೆ, ನಗರದ ದಟ್ಟಣೆಯಲ್ಲಿ ಕುಸಿಯುತ್ತದೆ ಎಂದು ಬಲ್ಲರು. ವಿದ್ಯುತ್ ಬೈಕಿನಲ್ಲಿ ಇದು ತಿರುಗುಮುರುಗಾಗುತ್ತದೆ, ಏಕೆಂದರೆ ಸಿಗ್ನಲ್ಲಿನಲ್ಲಿ ನಿಂತಾಗ ಮೋಟರು ಏನನ್ನೂ ಕುಡಿಯುವುದಿಲ್ಲ, ನಗರದ ವೇಗದಲ್ಲಿ ಗಾಳಿಯ ತಡೆಯೂ ಕಡಿಮೆ, ವೇಗ ತಗ್ಗಿಸುವಾಗ ಅಲ್ಪಸ್ವಲ್ಪ ಶಕ್ತಿ ಬ್ಯಾಟರಿಗೆ ಮರಳುತ್ತದೆ.

ಅಂದಾಜಿಗೆ ಈ ಅಂಕಿಗಳನ್ನು ಇಟ್ಟುಕೊಳ್ಳಬಹುದು. ಹಗುರವಾದ ಬೈಕು ನಗರದಲ್ಲಿ ಕಿಲೋಮೀಟರಿಗೆ 25ರಿಂದ 40 ವ್ಯಾಟ್-ಗಂಟೆ ಬಳಸುತ್ತದೆ, ಇನ್ನೂರು ಕಿಲೋಗೆ ಮೇಲ್ಪಟ್ಟ ದೊಡ್ಡ ಬೈಕು 45ರಿಂದ 60. ಗಂಟೆಗೆ 100 ಕಿ.ಮೀ. ವೇಗವನ್ನು ಸತತವಾಗಿ ಕಾಯ್ದುಕೊಂಡರೆ ಬಳಕೆ 80ರಿಂದ 100ಕ್ಕೆ ಏರುತ್ತದೆ. ಅದಕ್ಕೂ ಮೇಲೆ ಹೋದರೆ ಇನ್ನೂ ಕಡಿದಾಗಿ ಹೆಚ್ಚುತ್ತದೆ. ಇದು ತಯಾರಕರು ಕೊಡುವ ಅಂಕಿಗಳಲ್ಲೂ ಕಾಣುತ್ತದೆ. ಹಾರ್ಲೆ-ಡೇವಿಡ್‌ಸನ್ ಕಂಪನಿ 2019ರಲ್ಲಿ ಮಾರುಕಟ್ಟೆಗೆ ತಂದ ಲೈವ್‌ವೈರ್ ಬೈಕಿನ ಬ್ಯಾಟರಿ ಸುಮಾರು 15.5 ಯೂನಿಟ್‌ನದು. ಕಂಪನಿ ಅದಕ್ಕೆ ನಗರದಲ್ಲಿ ಸುಮಾರು 235 ಕಿ.ಮೀ. ಎಂದೂ, ನಗರ ಮತ್ತು ಹೆದ್ದಾರಿ ಎರಡೂ ಸೇರಿದ ಓಟದಲ್ಲಿ ಸುಮಾರು 150 ಕಿ.ಮೀ. ಎಂದೂ ಹೇಳಿತು. ಒಂದೇ ಬೈಕು, ಒಂದೇ ಬ್ಯಾಟರಿ. ದಾರಿ ಬದಲಾದದ್ದಕ್ಕೆ ಮೂರನೆಯ ಒಂದು ಪಾಲಿಗೂ ಹೆಚ್ಚು ದೂರ ಕಡಿಮೆಯಾಯಿತು. ಜಾಹೀರಾತಿನಲ್ಲಿ ದೊಡ್ಡ ಅಕ್ಷರದಲ್ಲಿ ಅಚ್ಚಾಗುವುದು ಸಾಮಾನ್ಯವಾಗಿ ನಗರದ ಅಂಕಿಯೇ ಆದ್ದರಿಂದ, ಹೆದ್ದಾರಿಯ ಅಂಕಿಯನ್ನು ಕೇಳಿ ಪಡೆಯಬೇಕು.

ಇನ್ನೊಂದು ಸೂಕ್ಷ್ಮವಿದೆ. ಕೆಲವು ತಯಾರಕರು ಬ್ಯಾಟರಿಗೆ ಗರಿಷ್ಠ ಸಾಮರ್ಥ್ಯ, ನಾಮಾಂಕಿತ ಸಾಮರ್ಥ್ಯ ಎಂದು ಎರಡು ಅಂಕಿಗಳನ್ನು ಕೊಡುತ್ತಾರೆ. ಮೊದಲನೆಯದನ್ನು ಪೂರ್ಣ ಚಾರ್ಜಿನ ವೋಲ್ಟೇಜಿನಿಂದ ಲೆಕ್ಕ ಹಾಕಿರುತ್ತಾರೆ, ಎರಡನೆಯದನ್ನು ಓಡುವಾಗಿನ ಸರಾಸರಿ ವೋಲ್ಟೇಜಿನಿಂದ. ವಿದ್ಯುತ್ ಬೈಕುಗಳನ್ನೇ ತಯಾರಿಸುವ ಅಮೆರಿಕದ ಜೀರೋ ಕಂಪನಿಯ ಬೈಕುಗಳಲ್ಲಿ 14.4 ಎಂದು ಹೆಸರಾದ ಬ್ಯಾಟರಿಯ ನಾಮಾಂಕಿತ ಸಾಮರ್ಥ್ಯ 12.6 ಯೂನಿಟ್. ಲೆಕ್ಕಕ್ಕೆ ಯಾವಾಗಲೂ ಚಿಕ್ಕ ಅಂಕಿಯನ್ನೇ ತೆಗೆದುಕೊಳ್ಳಿ.

ಈಗ ಲೆಕ್ಕ ಹೀಗೆ ಸಾಗುತ್ತದೆ. ಬ್ಯಾಟರಿಯ ನಾಮಾಂಕಿತ ಸಾಮರ್ಥ್ಯ 8 ಯೂನಿಟ್ ಎಂದಿಟ್ಟುಕೊಳ್ಳೋಣ. ಪೂರ್ತಿ ಬರಿದಾಗುವವರೆಗೆ ಓಡಿಸುವುದು ಬ್ಯಾಟರಿಗೂ ಮನಸ್ಸಿಗೂ ಒಳ್ಳೆಯದಲ್ಲವಾದ್ದರಿಂದ ಸುಮಾರು ಐದನೆಯ ಒಂದು ಪಾಲನ್ನು ಮೀಸಲಿಟ್ಟರೆ ಕೈಯಲ್ಲಿ 6.4 ಯೂನಿಟ್, ಅಂದರೆ 6,400 ವ್ಯಾಟ್-ಗಂಟೆ ಉಳಿಯುತ್ತದೆ. ನಗರದಲ್ಲಿ ಕಿಲೋಮೀಟರಿಗೆ 50 ವ್ಯಾಟ್-ಗಂಟೆಯಂತೆ ಅದು 128 ಕಿ.ಮೀ. ಆಗುತ್ತದೆ, ಹೆದ್ದಾರಿಯಲ್ಲಿ 90ರಂತೆ ಭಾಗಿಸಿದರೆ 71. ಇಲ್ಲಿಗೇ ನಿಲ್ಲಬಾರದು. ಬೈಕನ್ನು ಹಲವು ವರ್ಷ ಇಟ್ಟುಕೊಳ್ಳುವ ಯೋಚನೆಯಿದ್ದರೆ ಬ್ಯಾಟರಿಯ ವಯಸ್ಸು ಮತ್ತು ಚಳಿಗಾಲ ಎರಡನ್ನೂ ಲೆಕ್ಕಕ್ಕೆ ತೆಗೆದುಕೊಂಡು ಈ ಅಂಕಿಗಳನ್ನು 0.7ರಿಂದ ಗುಣಿಸಿ. ಆಗ ನಗರದಲ್ಲಿ ಸುಮಾರು 90 ಕಿ.ಮೀ., ಹೆದ್ದಾರಿಯಲ್ಲಿ 50 ಕಿ.ಮೀ. ಉಳಿಯುತ್ತದೆ. ಮೊದಲ ಹೆಜ್ಜೆಯಲ್ಲಿ ಬರೆದುಕೊಂಡ ನಿಮ್ಮ ಸಾಮಾನ್ಯ ದಿನದ ದೂರ ಈ ಕೊನೆಯ ಎರಡು ಅಂಕಿಗಳಲ್ಲಿ ನಿಮ್ಮ ದಾರಿಗೆ ಹೊಂದುವ ಅಂಕಿಗಿಂತ ಕಡಿಮೆಯಿದ್ದರೆ ಆ ಬೈಕು ನಿಮ್ಮ ಕೆಲಸಕ್ಕೆ ಒದಗುತ್ತದೆ, ಹೆಚ್ಚಿದ್ದರೆ ಇನ್ನೂ ದೊಡ್ಡ ಬ್ಯಾಟರಿಯನ್ನೇ ನೋಡಬೇಕು. ಹೊಸ ಬ್ಯಾಟರಿ, ಹದವಾದ ಹವೆ, ಒಬ್ಬರೇ ಸವಾರರು ಎಂಬ ಅತ್ಯುತ್ತಮ ದಿನಕ್ಕೆ ತಕ್ಕಂತೆ ಆಯ್ಕೆ ಮಾಡಿದವರು ಮೂರನೆಯ ವರ್ಷ ಪರದಾಡುತ್ತಾರೆ.

ಗುಡ್ಡಗಾಡಿನಲ್ಲಿ ವಾಸಿಸುವವರು ಒಂದು ತಿದ್ದುಪಡಿ ಸೇರಿಸಬೇಕು. ಬೈಕು ಮತ್ತು ಸವಾರರ ಒಟ್ಟು ತೂಕ 300 ಕಿಲೋ ಆಗಿದ್ದರೆ ಪ್ರತಿ 100 ಮೀಟರ್ ಎತ್ತರ ಏರಲು ಬ್ಯಾಟರಿಯಿಂದ ಸುಮಾರು 100 ವ್ಯಾಟ್-ಗಂಟೆ ಹೆಚ್ಚುವರಿಯಾಗಿ ಖರ್ಚಾಗುತ್ತದೆ. ಅಂದರೆ ನಗರದ ಎರಡು ಕಿಲೋಮೀಟರ್ ಓಟ ಕಳೆದುಹೋದಂತೆ. ಇಳಿಯುವಾಗ ಅದರಲ್ಲಿ ಒಂದು ಪಾಲು ಮಾತ್ರ ಮರಳುತ್ತದೆ. ಅಲ್ಲದೆ ಬ್ಯಾಟರಿ ಪೂರ್ತಿ ತುಂಬಿರುವಾಗ ಮರಳಿದ ಶಕ್ತಿಯನ್ನು ತುಂಬಿಕೊಳ್ಳಲು ಜಾಗವೇ ಇರುವುದಿಲ್ಲ. ಮನೆ ಗುಡ್ಡದ ಮೇಲಿದ್ದು ಬೆಳಿಗ್ಗೆ ಹೊರಟ ಕೂಡಲೇ ಇಳಿಜಾರು ಸಿಗುವವರು ಚಾರ್ಜನ್ನು ಶೇ. 90ಕ್ಕೇ ನಿಲ್ಲಿಸುವುದು ಒಳ್ಳೆಯದು. ಹಾಗೆ ಮಾಡದಿದ್ದರೆ, ಥ್ರಾಟಲ್ ಬಿಟ್ಟಾಗ ವೇಗ ತಗ್ಗಿಸುವ ಮೋಟರಿನ ತಡೆಯನ್ನು ನಂಬಿ ತಿರುವಿಗೆ ಬಂದಾಗ ಅದು ಎಂದಿನ ಹಾಗೆ ಹಿಡಿಯುವುದಿಲ್ಲ.

ಹೆಜ್ಜೆ 3: ಬೈಕು ರಾತ್ರಿ ನಿಲ್ಲುವ ಜಾಗದಲ್ಲಿ ಪ್ಲಗ್ ಇದೆಯೇ ನೋಡಿ

ನನ್ನ ಅಭಿಪ್ರಾಯದಲ್ಲಿ ಇದು ಬ್ಯಾಟರಿಯ ಗಾತ್ರಕ್ಕಿಂತಲೂ ಹೆಚ್ಚು ತೂಕದ ಪ್ರಶ್ನೆ. ಸ್ವಂತ ಪಾರ್ಕಿಂಗ್ ಜಾಗದಲ್ಲಿ ಒಂದು ಸಾಮಾನ್ಯ ಸಾಕೆಟ್ ಇದ್ದವರಿಗೆ ಸಣ್ಣ ಬ್ಯಾಟರಿಯೂ ಸುಖ ಕೊಡುತ್ತದೆ. ಬೀದಿಬದಿಯಲ್ಲಿ ನಿಲ್ಲಿಸಿ ಪ್ರತಿ ಸಲವೂ ಸಾರ್ವಜನಿಕ ಚಾರ್ಜಿಂಗ್ ಕೇಂದ್ರವನ್ನು ಹುಡುಕಿಕೊಂಡು ಹೋಗಬೇಕಾದವರಿಗೆ ದೊಡ್ಡ ಬ್ಯಾಟರಿಯೂ ಹೊರೆಯಾಗುತ್ತದೆ.

ಮೋಟರ್‌ಸೈಕಲ್ಲಿಗೆ ಇರುವ ಅನುಕೂಲವೊಂದನ್ನು ಜನ ಗಮನಿಸುವುದು ಕಡಿಮೆ. ಅದು ಕಾರಿನಷ್ಟು ವಿದ್ಯುತ್ತನ್ನು ಬಳಸುವುದಿಲ್ಲವಾದ್ದರಿಂದ ಮನೆಯ ಸಾಮಾನ್ಯ ಸಾಕೆಟ್ಟೇ ಅದಕ್ಕೆ ಸಾಕು. 230 ವೋಲ್ಟಿನ ಸಾಕೆಟ್ಟಿನಿಂದ 10 ಆಂಪಿಯರ್ ಎಳೆದರೆ 2.3 ಕಿಲೋವ್ಯಾಟ್ ಸಿಗುತ್ತದೆ. ಚಾರ್ಜರಿನಲ್ಲಿ ಹತ್ತನೆಯ ಒಂದು ಪಾಲು ನಷ್ಟವಾಗುತ್ತದೆ ಎಂದುಕೊಂಡರೂ ಗಂಟೆಗೆ ಸುಮಾರು ಎರಡು ಯೂನಿಟ್ ಬ್ಯಾಟರಿಗೆ ಸೇರುತ್ತದೆ. ನಗರದ ಬಳಕೆಯಲ್ಲಿ ಅದು ಸುಮಾರು 40 ಕಿಲೋಮೀಟರ್ ಓಟ. 120 ವೋಲ್ಟಿನ ವ್ಯವಸ್ಥೆಯಿರುವ ದೇಶಗಳಲ್ಲೂ 12 ಆಂಪಿಯರಿನಂತೆ ಗಂಟೆಗೆ ಸುಮಾರು 25 ಕಿ.ಮೀ. ಸೇರುತ್ತದೆ. ದಿನಕ್ಕೆ 40 ಕಿ.ಮೀ. ಓಡಿಸುವವರು ಒಂದೆರಡು ಗಂಟೆಗಳಲ್ಲಿ ಅಂದಿನ ಖರ್ಚನ್ನು ತುಂಬಿಕೊಳ್ಳುತ್ತಾರೆ. ಪ್ರತಿ ಬೆಳಿಗ್ಗೆ ತುಂಬಿದ ಬ್ಯಾಟರಿಯೊಂದಿಗೆ ಹೊರಡುವ, ಬಂಕಿನ ಕಡೆ ತಲೆಯೇ ಹಾಕದ ಈ ನಿಶ್ಚಿಂತೆ ವಿದ್ಯುತ್ ಬೈಕಿನ ಬಹುದೊಡ್ಡ ಸುಖವೆಂದು ನಾನು ಭಾವಿಸುತ್ತೇನೆ.

ಆದರೆ ಸಾಕೆಟ್ ಗಟ್ಟಿಯಾಗಿರಬೇಕು. ಮಿಕ್ಸರನ್ನು ಐದು ನಿಮಿಷ ಓಡಿಸುವುದಕ್ಕೂ 10 ಆಂಪಿಯರನ್ನು ನಾಲ್ಕು ಗಂಟೆ ಸತತವಾಗಿ ಎಳೆಯುವುದಕ್ಕೂ ಬಹಳ ವ್ಯತ್ಯಾಸವಿದೆ; ಸಡಿಲವಾದ ಸಾಕೆಟ್ ಅಥವಾ ತೆಳುವಾದ ವೈರು ಅಷ್ಟು ಹೊತ್ತಿನಲ್ಲಿ ಕರಗುವಷ್ಟು ಬಿಸಿಯಾಗಬಲ್ಲದು. ಅರ್ಹ ಎಲೆಕ್ಟ್ರಿಷಿಯನ್ ಒಬ್ಬರನ್ನು ಕರೆಸಿ ಅರ್ಥಿಂಗ್ ಸರಿಯಿದೆಯೇ, ವೈರಿನ ದಪ್ಪ ಸಾಲುತ್ತದೆಯೇ, ಆ ಲೈನಿಗೆ ಪ್ರತ್ಯೇಕ ಎಂಸಿಬಿ (ಹೊರೆ ಹೆಚ್ಚಾದರೆ ತಾನಾಗಿಯೇ ಕಡಿತಗೊಳ್ಳುವ ಸ್ವಿಚ್) ಮತ್ತು ಸೋರಿಕೆ ವಿದ್ಯುತ್ತನ್ನು ಗುರುತಿಸಿ ಕಡಿತಗೊಳಿಸುವ ಸಾಧನ ಇವೆಯೇ ಎಂದು ಪರೀಕ್ಷೆ ಮಾಡಿಸಿ. ಎಕ್ಸ್‌ಟೆನ್ಷನ್ ಬೋರ್ಡನ್ನು ಬಳಸಬೇಡಿ. ಸುರುಳಿ ಸುತ್ತಿಟ್ಟ ಕೇಬಲನ್ನಂತೂ ಬಳಸಲೇಬಾರದು, ಏಕೆಂದರೆ ಸುರುಳಿಯೊಳಗಿನ ಬಿಸಿ ಹೊರಬರಲು ದಾರಿಯಿರುವುದಿಲ್ಲ. ಮೊದಲ ಕೆಲವು ದಿನ ಚಾರ್ಜ್ ಆಗುತ್ತಿರುವಾಗ ಪ್ಲಗ್ಗನ್ನು ಮುಟ್ಟಿ ನೋಡಿ. ಬೆಚ್ಚಗಿದ್ದರೆ ಸರಿ, ಕೈ ಇಡಲಾಗದಷ್ಟು ಬಿಸಿಯಾಗಿದ್ದರೆ ಕೂಡಲೇ ನಿಲ್ಲಿಸಿ ದುರಸ್ತಿ ಮಾಡಿಸಿ.

ಬೈಕನ್ನು ಮನೆಯಿಂದ ಹೊರಗೆ ಓಡಿಬರುವ ದಾರಿಗೆ ಅಡ್ಡವಾಗಿ, ಮೆಟ್ಟಿಲ ಬುಡದಲ್ಲಿ ಅಥವಾ ಇರುವ ಒಂದೇ ಬಾಗಿಲಿನ ಮುಂದೆ ನಿಲ್ಲಿಸಿ ಚಾರ್ಜ್ ಮಾಡಬಾರದು. ಲಿಥಿಯಂ ಬ್ಯಾಟರಿಗೆ ಬೆಂಕಿ ಹತ್ತುವುದು ಅಪರೂಪವಾದರೂ ಹತ್ತಿದಾಗ ಅದು ತನ್ನೊಳಗಿನ ಬಿಸಿಯಿಂದಲೇ ಒಂದು ಕೋಶದಿಂದ ಇನ್ನೊಂದಕ್ಕೆ ಹರಡುತ್ತದೆ, ವಿಷಕಾರಿ ಹೊಗೆ ಉಗುಳುತ್ತದೆ, ಆರಿದಂತೆ ಕಂಡ ಮೇಲೂ ಮತ್ತೆ ಹೊತ್ತಿಕೊಳ್ಳಬಲ್ಲದು. ಮನೆಯವರೆಲ್ಲರ ಸುರಕ್ಷತೆಯ ಪ್ರಶ್ನೆಯಾದ್ದರಿಂದ ಇದರಲ್ಲಿ ರಾಜಿ ಮಾಡಿಕೊಳ್ಳಬೇಡಿ.

ಪಾರ್ಕಿಂಗ್ ಜಾಗದಲ್ಲಿ ಸಾಕೆಟ್ ಇಲ್ಲದವರಿಗೆ ಎರಡು ದಾರಿಗಳಿವೆ. ಕೆಲಸದ ಜಾಗದಲ್ಲಿ ಚಾರ್ಜ್ ಮಾಡಲು ಲಿಖಿತ ಅನುಮತಿ ಸಿಕ್ಕರೆ ಅದು ಮನೆಯ ಸಾಕೆಟ್ಟಿನಷ್ಟೇ ಒಳ್ಳೆಯದು. ಇಲ್ಲವಾದರೆ ಬ್ಯಾಟರಿಯನ್ನು ಹೊರತೆಗೆದು ಒಯ್ಯಬಹುದಾದ ಬೈಕನ್ನು ನೋಡಬೇಕು. ಅದರ ಮಿತಿಯನ್ನು ತಿಳಿದಿರಿ: ಹೋಂಡಾ ಕಂಪನಿಯ ಬದಲಾಯಿಸಬಹುದಾದ ಬ್ಯಾಟರಿ ಪ್ಯಾಕ್ ಒಂದು ಸುಮಾರು 10 ಕಿಲೋ ತೂಗುತ್ತದೆ, ಅದರಲ್ಲಿರುವುದು ಸುಮಾರು 1.3 ಯೂನಿಟ್. ಎರಡು ಪ್ಯಾಕುಗಳನ್ನು ದಿನವೂ ಮೂರು ಮಹಡಿ ಹೊತ್ತು ಹತ್ತಬಲ್ಲಿರಾ ಎಂದು ಕೊಳ್ಳುವ ಮೊದಲೇ ಅಷ್ಟು ತೂಕದ ಚೀಲ ಹಿಡಿದು ಹತ್ತಿ ನೋಡುವುದು ಒಳ್ಳೆಯದು. ತೈವಾನಿನಲ್ಲಿ ಗೊಗೊರೊ ಕಂಪನಿ 2015ರಿಂದ ನಡೆಸುತ್ತಿರುವಂಥ ಬ್ಯಾಟರಿ ಬದಲಾವಣೆಯ ಕೇಂದ್ರಗಳು ನಿಮ್ಮ ದಿನನಿತ್ಯದ ದಾರಿಯಲ್ಲೇ ಇದ್ದರೆ ಈ ತೊಂದರೆ ಇರುವುದಿಲ್ಲ. ಇವೆರಡೂ ಸಾಧ್ಯವಾಗದವರಿಗೆ ಸದ್ಯಕ್ಕೆ ವಿದ್ಯುತ್ ಮೋಟರ್‌ಸೈಕಲ್ಲನ್ನು ನಾನು ಸೂಚಿಸುವುದಿಲ್ಲ.

ಹೆಜ್ಜೆ 4: ದಾರಿಯಲ್ಲಿ ಚಾರ್ಜ್ ಮಾಡುವ ಸಂದರ್ಭವನ್ನು ಅಳೆಯಿರಿ

ಸಾರ್ವಜನಿಕ ಕೇಂದ್ರದ ಫಲಕದಲ್ಲಿ 22 ಕಿಲೋವ್ಯಾಟ್ ಎಂದು ಬರೆದಿದ್ದ ಮಾತ್ರಕ್ಕೆ ಬೈಕು ಅಷ್ಟನ್ನೂ ತೆಗೆದುಕೊಳ್ಳುವುದಿಲ್ಲ. ಎಸಿ ಚಾರ್ಜಿಂಗಿನಲ್ಲಿ ಕೇಂದ್ರ ಕೊಡುವುದು ಬರೀ ವಿದ್ಯುತ್ತನ್ನು; ಅದನ್ನು ಬ್ಯಾಟರಿಗೆ ಒಗ್ಗುವ ಡಿಸಿಗೆ ಪರಿವರ್ತಿಸುವ ಚಾರ್ಜರು ಬೈಕಿನೊಳಗಿರುತ್ತದೆ. ಆ ಚಾರ್ಜರಿನ ಸಾಮರ್ಥ್ಯ 3 ಕಿಲೋವ್ಯಾಟ್ ಆಗಿದ್ದರೆ ಎಂಥ ಕೇಂದ್ರಕ್ಕೆ ಹೋದರೂ ಸಿಗುವುದು ಮೂರೇ. ಡಿಸಿ ವೇಗದ ಚಾರ್ಜಿಂಗ್ ಈ ಚಾರ್ಜರನ್ನು ದಾಟಿ ನೇರವಾಗಿ ಬ್ಯಾಟರಿಗೆ ವಿದ್ಯುತ್ ಕೊಡುತ್ತದೆ, ಆದರೆ ಅದರ ಪ್ಲಗ್ ಸೇರಿಸಲು ಬೇಕಾದ ಕಿಂಡಿ ಬಹಳಷ್ಟು ಬೈಕುಗಳಲ್ಲಿ ಇಲ್ಲ. ಇರುವ ಬೈಕುಗಳಲ್ಲೂ ಕೊನೆಯ ಐದನೆಯ ಒಂದು ಪಾಲು ನಿಧಾನವಾಗಿಯೇ ತುಂಬುತ್ತದೆ. ಲೈವ್‌ವೈರ್ ಶೇ. 80ರವರೆಗೆ 40 ನಿಮಿಷದಲ್ಲಿ, ಪೂರ್ತಿ ತುಂಬಲು 60 ನಿಮಿಷದಲ್ಲಿ ಚಾರ್ಜ್ ಆಗುತ್ತದೆಂದು ಕಂಪನಿ ಹೇಳುತ್ತದೆ. ಆದ್ದರಿಂದ ದೂರದ ಪ್ರಯಾಣದಲ್ಲಿ ಶೇ. 80ಕ್ಕೆ ಹೊರಟುಬಿಡುವುದು ಸಮಯ ಉಳಿಸುವ ಕ್ರಮ.

ಕಿಂಡಿಯ ನಮೂನೆ ನಿಮ್ಮ ದಾರಿಯ ಕೇಂದ್ರಗಳಿಗೆ ಹೊಂದುತ್ತದೆಯೇ, ಕೇಂದ್ರದ ಆ್ಯಪ್ ನಿಮ್ಮ ಬೈಕನ್ನು ಗುರುತಿಸುತ್ತದೆಯೇ ಎಂಬುದನ್ನು ಬ್ಯಾಟರಿ ಅರ್ಧಕ್ಕಿಂತ ಹೆಚ್ಚಿರುವ ದಿನ ಹೋಗಿ ಪರೀಕ್ಷಿಸಿ. ಶೇ. 5 ಉಳಿದಾಗ ಅದನ್ನು ಕಂಡುಕೊಳ್ಳುವಂತಾಗಬಾರದು. ಪೆಟ್ರೋಲಿನಂತೆ ಕ್ಯಾನಿನಲ್ಲಿ ತಂದು ಸುರಿಯುವ ಉಪಾಯ ಇಲ್ಲಿಲ್ಲ. ಬೈಕು ನಿಂತುಹೋದರೆ ಅದನ್ನು ಹಿಂದಿನ ಚಕ್ರ ನೆಲಕ್ಕೆ ತಾಗಿದಂತೆ ಎಳೆದೊಯ್ಯುವುದೂ ಸರಿಯಲ್ಲ, ಏಕೆಂದರೆ ಚಕ್ರ ತಿರುಗಿದಾಗ ಮೋಟರು ಜನರೇಟರಿನಂತೆ ವಿದ್ಯುತ್ ಹುಟ್ಟಿಸಿ, ಮೋಟರಿಗೆ ಹೋಗುವ ವಿದ್ಯುತ್ತನ್ನು ಹದಮಾಡುವ ನಿಯಂತ್ರಕವನ್ನು ಹಾಳುಮಾಡಬಹುದು. ಬೈಕನ್ನು ಪೂರ್ತಿ ವಾಹನದ ಮೇಲೇರಿಸಿ ಸಾಗಿಸಬೇಕು.

ಹೆಜ್ಜೆ 5: ನಿಮ್ಮ ದಾರಿಯಲ್ಲೇ ಓಡಿಸಿ ನೋಡಿ

ಶೋರೂಮಿನ ಸುತ್ತ ಒಂದು ಸುತ್ತು ಹಾಕಿದರೆ ತಿಳಿಯುವುದು ಕಡಿಮೆ. ಸಾಧ್ಯವಾದರೆ ಅರ್ಧ ದಿನಕ್ಕೆ ಬೈಕನ್ನು ಬಾಡಿಗೆಗೆ ಪಡೆದು ನೀವು ದಿನವೂ ಹೋಗುವ ದಾರಿಯಲ್ಲಿ, ನೀವು ದಿನವೂ ಹೊರಡುವ ಹೊತ್ತಿಗೆ, ನಿಮ್ಮ ಎಂದಿನ ವೇಗದಲ್ಲಿ ಓಡಿಸಿ. ಪರದೆಯಲ್ಲಿ ಕಿಲೋಮೀಟರಿಗೆ ಎಷ್ಟು ವ್ಯಾಟ್-ಗಂಟೆ ಎಂಬ ಅಂಕಿ ಸಿಕ್ಕರೆ ಬರೆದುಕೊಳ್ಳಿ. ಎರಡನೆಯ ಹೆಜ್ಜೆಯ ಲೆಕ್ಕದಲ್ಲಿ ನಾನು ಕೊಟ್ಟ ಅಂದಾಜಿನ ಜಾಗಕ್ಕೆ ಅದನ್ನು ಹಾಕಿದರೆ ನಿಮ್ಮದೇ ಆದ ನಿಖರ ಉತ್ತರ ಸಿಗುತ್ತದೆ.

ಗೇರು ಮತ್ತು ಕ್ಲಚ್ಚಿನ ಬೈಕಿನಿಂದ ಬಂದವರು ಕೆಲವು ವಿಷಯಗಳನ್ನು ಹೊಸದಾಗಿ ಕಲಿಯಬೇಕಾಗುತ್ತದೆ. ಮೋಟರು ನಿಂತಲ್ಲಿಂದಲೇ ಪೂರ್ತಿ ಬಲ ಕೊಡುವುದರಿಂದ ಥ್ರಾಟಲ್ ತಿರುಗಿಸುವ ಕೈ ಮೆತ್ತಗಿರಬೇಕು. ಮೊದಲ ದಿನಗಳಲ್ಲಿ ಕಡಿಮೆ ಶಕ್ತಿಯ ಮೋಡಿನಲ್ಲಿಟ್ಟು ಓಡಿಸುವುದು ಕ್ಷೇಮ. ಬಹುತೇಕ ವಿದ್ಯುತ್ ಬೈಕುಗಳಲ್ಲಿ ಕ್ಲಚ್ ಇಲ್ಲವಾದ್ದರಿಂದ ಇಕ್ಕಟ್ಟಿನಲ್ಲಿ ತಿರುಗುವಾಗ ಅರ್ಧ ಕ್ಲಚ್ ಹಿಡಿಯುವ ಅಭ್ಯಾಸ ನಡೆಯುವುದಿಲ್ಲ. ಅದರ ಬದಲು ಹಿಂದಿನ ಬ್ರೇಕನ್ನು ತುಸುವೇ ಒತ್ತಿ ಹಿಡಿದು ಥ್ರಾಟಲನ್ನು ಸಣ್ಣಗೆ ತೆರೆದಿಡುವುದನ್ನು ಖಾಲಿ ಮೈದಾನವೊಂದರಲ್ಲಿ ಅಭ್ಯಾಸ ಮಾಡಿ. ಇಳಿಜಾರಿನಲ್ಲಿ ನಿಲ್ಲಿಸುವಾಗ ಪೆಟ್ರೋಲ್ ಬೈಕನ್ನು ಮೊದಲ ಗೇರಿನಲ್ಲಿ ಬಿಟ್ಟು ಹೋಗುತ್ತಿದ್ದಿರಲ್ಲ, ಇಲ್ಲಿ ಅದೂ ಸಾಧ್ಯವಿಲ್ಲ. ಪಾರ್ಕಿಂಗ್ ಬ್ರೇಕ್ ಇಲ್ಲದ ಬೈಕು ಸ್ಟ್ಯಾಂಡಿನಿಂದ ಜಾರಿ ಬೀಳಬಹುದು. ಮುಂದಿನ ಚಕ್ರ ಏರಿನ ಕಡೆಗಿರುವಂತೆ ನಿಲ್ಲಿಸಿ, ಅಥವಾ ಸಮತಟ್ಟಾದ ಜಾಗ ಹುಡುಕಿ.

ಶಬ್ದವಿಲ್ಲದಿರುವುದು ಇನ್ನೊಂದು. ಬೈಕು ಚಾಲೂ ಇದೆ ಎಂಬುದನ್ನು ಕಿವಿ ಹೇಳುವುದಿಲ್ಲ, ಪರದೆಯ ಮೇಲಿನ ದೀಪ ಮಾತ್ರ ಹೇಳುತ್ತದೆ. ಇಳಿಯುವಾಗ, ತಳ್ಳುವಾಗ, ಮಕ್ಕಳು ಹತ್ತಿರ ಬಂದಾಗ ಮೊದಲು ಕಿಲ್ ಸ್ವಿಚ್ ಒತ್ತುವುದನ್ನು ರೂಢಿ ಮಾಡಿಕೊಳ್ಳಿ. ಪಾದಚಾರಿಗಳಿಗೂ ನಿಮ್ಮ ಬರವು ಕೇಳಿಸದು. ಅವರು ನಿಮ್ಮನ್ನು ಕಂಡಿದ್ದಾರೆಂದು ಖಚಿತವಾಗುವವರೆಗೆ ಬೆರಳುಗಳು ಬ್ರೇಕಿನ ಮೇಲಿರಲಿ. ಥ್ರಾಟಲ್ ಬಿಟ್ಟಾಗ ಮೋಟರೇ ಬೈಕಿನ ವೇಗ ತಗ್ಗಿಸುವ ವ್ಯವಸ್ಥೆ ಹಿಂದಿನ ಚಕ್ರದ ಮೇಲೆ ಮಾತ್ರ ಕೆಲಸ ಮಾಡುತ್ತದೆ. ಒದ್ದೆ ರಸ್ತೆಯಲ್ಲಿ ಅದು ತೀರ ಬಲವಾಗಿದ್ದರೆ ಚಕ್ರ ಜಾರಬಹುದಾದ್ದರಿಂದ ಮಳೆಯ ದಿನ ಅದನ್ನು ಕಡಿಮೆ ಮಟ್ಟಕ್ಕೆ ಇಳಿಸಿ. ಹಾಗೆ ವೇಗ ತಗ್ಗುವಾಗ ಹಿಂದಿನ ಬ್ರೇಕ್ ದೀಪ ಉರಿಯುತ್ತದೆಯೇ ಎಂದು ಕತ್ತಲಲ್ಲಿ ಗೋಡೆಗೆ ಬೆನ್ನುಮಾಡಿ ನೋಡಿಕೊಳ್ಳಿ. ಉರಿಯದಿದ್ದರೆ ಹಿಂದಿನವರಿಗೆ ತಿಳಿಸಲು ಲಿವರನ್ನು ಲಘುವಾಗಿ ಒತ್ತಬೇಕಾಗುತ್ತದೆ.

ಇವೆಲ್ಲ ಒಂದೆರಡು ವಾರಗಳಲ್ಲಿ ಕೈಗೆ ಹತ್ತುವ ವಿಷಯಗಳು. ಅದಾದ ಮೇಲೆ ದಟ್ಟಣೆಯಲ್ಲಿ ತೊಡೆಗೆ ತಾಗುವ ಎಂಜಿನ್ನಿನ ಬಿಸಿಯಿಲ್ಲದೆ, ಕಂಪನವಿಲ್ಲದೆ, ಎಡಗೈಗೆ ನೋವಿಲ್ಲದೆ ಸಾಗುವ ಸವಾರಿ ನಿಜಕ್ಕೂ ದಣಿವನ್ನು ತಗ್ಗಿಸುತ್ತದೆ. ದಿನವೂ ನಗರದೊಳಗೆ ಓಡಾಡುವವರಿಗೆ ಇದು ಸಣ್ಣ ಲಾಭವಲ್ಲ.

ಹೆಜ್ಜೆ 6: ಚಳಿ, ಬಿಸಿಲು, ಮಳೆಗೆ ಸಿದ್ಧರಾಗಿ

ಚಳಿಯಲ್ಲಿ ಬ್ಯಾಟರಿಯ ಒಳತಡೆ ಹೆಚ್ಚುವುದರಿಂದ ಓಟದ ದೂರ ಕಡಿಮೆಯಾಗುತ್ತದೆ. ಸೊನ್ನೆ ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡಿದರೆ ಲಿಥಿಯಂ ಕೋಶದೊಳಗೆ ಲೋಹವಾಗಿ ಲೇಪಗೊಂಡು ಶಾಶ್ವತ ಹಾನಿಯಾಗಬಹುದಾದ್ದರಿಂದ ಬೈಕಿನ ನಿಯಂತ್ರಣ ವ್ಯವಸ್ಥೆ ಚಾರ್ಜಿಂಗನ್ನು ತಡೆಯುತ್ತದೆ ಅಥವಾ ನಿಧಾನಗೊಳಿಸುತ್ತದೆ. ಹಿಮ ಬೀಳುವ ಪ್ರದೇಶಗಳಲ್ಲಿ ಮನೆಗೆ ಬಂದ ಕೂಡಲೇ, ಬ್ಯಾಟರಿ ಇನ್ನೂ ಬೆಚ್ಚಗಿರುವಾಗಲೇ ಚಾರ್ಜಿಗೆ ಹಾಕಬೇಕು. ಬಿರುಬಿಸಿಲಿನ ಪ್ರದೇಶದಲ್ಲಿ ಇದಕ್ಕೆ ವಿರುದ್ಧವಾದ ಕ್ರಮ ಸರಿ: ಓಡಿಬಂದ ಬೈಕನ್ನು ನೆರಳಲ್ಲಿ ಸ್ವಲ್ಪ ಹೊತ್ತು ತಣಿಯಲು ಬಿಟ್ಟು ಆಮೇಲೆ ಪ್ಲಗ್ ಹಾಕಿ. ಗಾಳಿಯಿಂದಲೇ ತಣಿಯುವ ಮೋಟರುಗಳು ಉದ್ದನೆಯ ಏರಿನಲ್ಲಿ ಕಾದಾಗ ತಾವಾಗಿಯೇ ಶಕ್ತಿಯನ್ನು ಕಡಿಮೆ ಮಾಡಿಕೊಳ್ಳುತ್ತವೆ. ಅದು ಕೆಟ್ಟುಹೋದ ಲಕ್ಷಣವಲ್ಲ.

ಮಳೆಯ ಬಗ್ಗೆ ಹೆದರಿಕೆ ಬೇಡ. ಐಪಿ67 ಎಂಬ ಗುರುತು ಇದ್ದರೆ ಆ ಭಾಗ ಒಂದು ಮೀಟರ್ ಆಳದ ನೀರಿನಲ್ಲಿ ಮೂವತ್ತು ನಿಮಿಷ ಮುಳುಗಿದರೂ ಒಳಗೆ ಹಾನಿಯಾಗುವಷ್ಟು ನೀರು ಹೋಗುವುದಿಲ್ಲ ಎಂದು ಪರೀಕ್ಷಿಸಲಾಗಿದೆ ಎಂದರ್ಥ. ಆದರೆ ಆ ಗುರುತು ಬ್ಯಾಟರಿ ಪೆಟ್ಟಿಗೆಗೆ ಮಾತ್ರವೇ, ಮೋಟರು ಮತ್ತು ಚಾರ್ಜರಿಗೂ ಇದೆಯೇ ಎಂದು ಕೇಳಿ. ಅಧಿಕ ಒತ್ತಡದ ನೀರನ್ನು ಕನೆಕ್ಟರುಗಳಿಗೆ ಹಾಯಿಸಿ ತೊಳೆಯಬೇಡಿ. ಮುಳುಗಡೆಯ ಪರೀಕ್ಷೆ ಬೇರೆ, ನೀರಿನ ಚಿಮ್ಮುವಿಕೆಯ ಪರೀಕ್ಷೆ ಬೇರೆ.

ಹೆಜ್ಜೆ 7: ನಿರ್ವಹಣೆ ಮತ್ತು ಬ್ಯಾಟರಿಯ ಆರೈಕೆ

ಎಂಜಿನ್ ಆಯಿಲ್, ಫಿಲ್ಟರ್, ಸ್ಪಾರ್ಕ್ ಪ್ಲಗ್, ವಾಲ್ವ್ ಹೊಂದಾಣಿಕೆ ಇವು ಯಾವುವೂ ಇಲ್ಲ. ಉಳಿಯುವುದು ಟೈರು, ಬ್ರೇಕ್ ಪ್ಯಾಡು, ಬ್ರೇಕ್ ಆಯಿಲ್, ಚೈನು ಅಥವಾ ಬೆಲ್ಟು, ಸಸ್ಪೆನ್ಷನ್ ಮತ್ತು ಬೇರಿಂಗುಗಳು; ದ್ರವದಿಂದ ತಣಿಯುವ ಮಾದರಿಗಳಲ್ಲಿ ಕೂಲೆಂಟ್ ಕೂಡ. ಪ್ಯಾಡುಗಳು ಹೆಚ್ಚು ಕಾಲ ಬಾಳುತ್ತವೆ, ಆದರೆ ತೂಕ ಮತ್ತು ತಕ್ಷಣದ ಬಲದಿಂದಾಗಿ ಹಿಂದಿನ ಟೈರು ಬೇಗ ಸವೆಯಬಹುದು. ಟೈರಿನ ಗಾಳಿಯನ್ನು ವಾರಕ್ಕೊಮ್ಮೆ ನೋಡಿ, ಅದು ಕಡಿಮೆಯಾದರೆ ಓಟದ ದೂರವೂ ಕಡಿಮೆಯಾಗುತ್ತದೆ.

ಬ್ಯಾಟರಿಯ ವಿಷಯದಲ್ಲಿ ತುಂಬಿದ ಸ್ಥಿತಿ ಮತ್ತು ಬಿಸಿ ಒಟ್ಟಿಗೆ ಸೇರಿದಾಗ ವಯಸ್ಸು ಬೇಗ ಏರುತ್ತದೆ ಎಂಬುದನ್ನು ನೆನಪಿಡಿ. ನಿಕ್ಕಲ್ ಆಧಾರಿತ ಕೋಶಗಳಿರುವ ಬೈಕನ್ನು ದಿನಬಳಕೆಗೆ ಶೇ. 80ರಿಂದ 90ಕ್ಕೆ ನಿಲ್ಲಿಸಿ, ದೂರ ಹೋಗುವ ಹಿಂದಿನ ರಾತ್ರಿ ಮಾತ್ರ ಪೂರ್ತಿ ತುಂಬಿಸಿ. ಲಿಥಿಯಂ ಐರನ್ ಫಾಸ್ಫೇಟ್ ಕೋಶಗಳು ಹೆಚ್ಚು ಚಾರ್ಜುಗಳನ್ನು ತಾಳುತ್ತವೆ. ಅವುಗಳ ವೋಲ್ಟೇಜು ಬಹುಪಾಲು ಸಮನಾಗಿಯೇ ಇರುವುದರಿಂದ ಮೀಟರು ಸರಿಯಾದ ಅಂಕಿ ತೋರಿಸಲು ಆಗಾಗ ಪೂರ್ತಿ ತುಂಬಿಸಬೇಕಾಗುತ್ತದೆ. ಕೈಪಿಡಿಯ ಸೂಚನೆ ಇದಕ್ಕಿಂತ ಭಿನ್ನವಾಗಿದ್ದರೆ ಕೈಪಿಡಿಯದನ್ನೇ ಪಾಲಿಸಿ. ಒಂದು ತಿಂಗಳಿಗೂ ಹೆಚ್ಚು ಕಾಲ ಓಡಿಸುವುದಿಲ್ಲವೆಂದಾದರೆ ಅರ್ಧದಷ್ಟು ಚಾರ್ಜಿನಲ್ಲಿ, ತಂಪಾದ ಜಾಗದಲ್ಲಿ ನಿಲ್ಲಿಸಿ. ದೀಪ ಮತ್ತು ಕಂಪ್ಯೂಟರಿಗೆಂದು ಇರುವ ಚಿಕ್ಕ 12 ವೋಲ್ಟಿನ ಬ್ಯಾಟರಿಯನ್ನು ಮರೆಯಬೇಡಿ. ಅದು ಬರಿದಾದರೆ ದೊಡ್ಡ ಬ್ಯಾಟರಿಯಲ್ಲಿ ಎಷ್ಟೇ ಇದ್ದರೂ ಬೈಕು ಏಳುವುದಿಲ್ಲ.

ಬೈಕು ಜೋರಾಗಿ ಬಿದ್ದರೆ ಅಥವಾ ಬ್ಯಾಟರಿ ಪೆಟ್ಟಿಗೆಗೆ ಏಟು ತಗುಲಿದರೆ ಪರೀಕ್ಷೆ ಮಾಡಿಸುವವರೆಗೆ ಅದನ್ನು ಚಾರ್ಜಿಗೆ ಹಾಕಬೇಡಿ, ಕಟ್ಟಡದೊಳಗೆ ನಿಲ್ಲಿಸಬೇಡಿ. ಒಳಗಿನ ಹಾನಿ ಗಂಟೆಗಳ ನಂತರವೂ ಬೆಂಕಿಗೆ ಕಾರಣವಾಗಬಹುದು.

ಹೆಜ್ಜೆ 8: ಕಂಪನಿ, ಖಾತರಿ, ಹಳೆಯ ಬೈಕು

ಪೆಟ್ರೋಲ್ ಬೈಕಿನ ಕಂಪನಿ ಮುಚ್ಚಿದರೂ ಬೀದಿಯ ಮೆಕ್ಯಾನಿಕ್ ಅದನ್ನು ಓಡುವಂತೆ ಇಟ್ಟಿರುತ್ತಾನೆ. ವಿದ್ಯುತ್ ಬೈಕಿನ ಬ್ಯಾಟರಿ, ನಿಯಂತ್ರಕ, ಸಾಫ್ಟ್‌ವೇರ್ ಮೂರೂ ತಯಾರಕರ ಕೈಯಲ್ಲೇ ಇರುವುದರಿಂದ ಆ ಅನುಕೂಲ ಇಲ್ಲಿ ಕಡಿಮೆ. 2019ರಿಂದ 2022ರವರೆಗೆ ಮೋಟೋಇ ಎಂಬ ವಿದ್ಯುತ್ ಬೈಕುಗಳ ಓಟದ ಸ್ಪರ್ಧೆಗಳಿಗೆ ಬೈಕುಗಳನ್ನು ಒದಗಿಸಿದ್ದ ಇಟಲಿಯ ಎನರ್ಜಿಕಾ ಕಂಪನಿ 2024ರ ಅಕ್ಟೋಬರಿನಲ್ಲಿ ದಿವಾಳಿ ಪ್ರಕ್ರಿಯೆಗೆ ಹೋಯಿತು. ಒಳ್ಳೆಯ ಬೈಕುಗಳನ್ನು ಕಟ್ಟುವುದು ಒಂದು, ಉಳಿದುಕೊಳ್ಳುವುದು ಇನ್ನೊಂದು. ಆದ್ದರಿಂದ ಸರ್ವಿಸ್ ಕೇಂದ್ರ ಎಷ್ಟು ದೂರದಲ್ಲಿದೆ, ಬಿಡಿಭಾಗಗಳು ಎಷ್ಟು ದಿನಗಳಲ್ಲಿ ಬರುತ್ತವೆ ಎಂಬುದನ್ನು ಮಾರಾಟಗಾರರಿಗಿಂತ ಹೆಚ್ಚಾಗಿ ಈಗಾಗಲೇ ಬೈಕು ಇಟ್ಟುಕೊಂಡಿರುವವರಿಂದ ಕೇಳಿ ತಿಳಿಯಿರಿ. ಬ್ಯಾಟರಿಯ ಖಾತರಿಯಲ್ಲಿ ಎಷ್ಟು ವರ್ಷ ಎಂಬುದರ ಜೊತೆಗೆ ಸಾಮರ್ಥ್ಯ ಶೇಕಡ ಎಷ್ಟಕ್ಕಿಂತ ಕೆಳಗಿಳಿದರೆ ಬದಲಿಸಿಕೊಡುತ್ತಾರೆ ಎಂಬ ವಾಕ್ಯ ಇದೆಯೇ ನೋಡಿ. ಅದಿಲ್ಲದ ಖಾತರಿ ಅರ್ಧ ಖಾತರಿ.

ಹಳೆಯ ಬೈಕನ್ನು ಕೊಳ್ಳುವವರು ಓಡಿದ ದೂರಕ್ಕಿಂತ ಮುಖ್ಯವಾದ, ಬ್ಯಾಟರಿಯ ಉಳಿದ ಆರೋಗ್ಯದ ವರದಿಯನ್ನು ಸರ್ವಿಸ್ ಕೇಂದ್ರದಿಂದಲೇ ಪಡೆಯಬೇಕು. ಪೂರ್ತಿ ತುಂಬಿಸಿದ ಬೈಕನ್ನು ಅರ್ಧ ಇಳಿಯುವವರೆಗೆ ಓಡಿಸಿ, ಕ್ರಮಿಸಿದ ದೂರವನ್ನು ಎರಡನೆಯ ಹೆಜ್ಜೆಯ ಲೆಕ್ಕದೊಂದಿಗೆ ಹೋಲಿಸಿ. ಮೂಲ ಚಾರ್ಜರ್ ಮತ್ತು ಕೇಬಲ್ ಜೊತೆಗಿವೆಯೇ, ಖಾತರಿ ಹೊಸ ಮಾಲೀಕರಿಗೆ ವರ್ಗವಾಗುತ್ತದೆಯೇ ಎಂದು ಖಚಿತಪಡಿಸಿಕೊಳ್ಳಿ. ಬೈಕು ಆ್ಯಪ್‌ಗೆ ಜೋಡಣೆಯಾಗಿದ್ದರೆ ಹಣ ಕೊಡುವ ಮೊದಲೇ, ಮಾರುವವರು ಎದುರಿಗಿರುವಾಗಲೇ, ಅವರ ಖಾತೆಯಿಂದ ಅದನ್ನು ಬಿಡಿಸಿ ನಿಮ್ಮ ಖಾತೆಗೆ ಸೇರಿಸಿಕೊಳ್ಳಿ.